ಸಹಾಯ ಬೇಕು: ಅವೇಯ್ಟ್ ಇಲ್ಲದೆ ಟಾಸ್ಕ್‌ನ ಎಕ್ಸೆಪ್ಶನ್ ಬದಲಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ನೋಡಿಕೊಳ್ಳುವ ಹಳೆಯ ಸಿ ಶಾರ್ಪ್ ಪ್ರಾಜೆಕ್ಟ್ ಇನ್ನೂ ಡಾಟ್ ನೆಟ್ 4.0ರಲ್ಲೇ ಇದೆ. ಹಿನ್ನೆಲೆ ಕೆಲಸದ ಫಲಿತಾಂಶಕ್ಕೆ ಸರಳವಾಗಿ ಕಾಯಲು 2012ರಲ್ಲಿ ಬಂದ ಅಸಿಂಕ್, ಅವೇಯ್ಟ್ ನಮಗಿಲ್ಲ. ಸರ್ವರ್ ಬದಲಾಗುವ ತನಕ ಹೊಸ ಆವೃತ್ತಿಗೆ ಹೋಗುವಂತೆಯೂ ಇಲ್ಲ.

ಡೇಟಾಬೇಸ್ ಪದರದ ಮೆಥಡ್ ಒಂದು ಟಾಸ್ಕ್ (ಹಿನ್ನೆಲೆಯಲ್ಲಿ ನಡೆಯುವ ಕೆಲಸ) ಕೊಡುತ್ತದೆ. ಅದು ವಿಫಲವಾದರೆ ಎಸ್‌ಕ್ಯೂಎಲ್ ಎಕ್ಸೆಪ್ಶನ್ (ಡೇಟಾಬೇಸಿನ ದೋಷ ಸೂಚನೆ) ಬದಲು ನಮ್ಮದೇ ಎಕ್ಸೆಪ್ಶನ್ ಮೇಲಕ್ಕೆ ಹೋಗಬೇಕು. ಮೊದಲು, ಟಾಸ್ಕ್ ಮುಗಿದ ಮೇಲೆ ನಡೆಯುವ ಕಂಟಿನ್ಯೂ ವಿತ್ ಒಳಗೆ ರಿಸಲ್ಟ್ ಓದಿದೆ. ಅಗ್ರಿಗೇಟ್ ಎಕ್ಸೆಪ್ಶನ್ (ಹಲವು ಎಕ್ಸೆಪ್ಶನ್‌ಗಳನ್ನು ಹೊತ್ತು ತರುವ ಹೊದಿಕೆ) ಒಳಗೆ ಇನ್ನೊಂದು ಅಗ್ರಿಗೇಟ್ ಎಕ್ಸೆಪ್ಶನ್ ಬಂತು! ಅದಕ್ಕಿಂತ ಕೆಟ್ಟದ್ದೆಂದರೆ, ಬಳಕೆದಾರರೇ ರದ್ದು ಮಾಡಿದ ಕೆಲಸವೂ ಫಾಲ್ಟೆಡ್ (ವಿಫಲ) ಎಂದೇ ತೋರಿಸುತ್ತಿತ್ತು.

ಈಗ, ಹೊರಗೆ ಕೊಡುವ ಟಾಸ್ಕ್ ಹೇಗೆ ಮುಗಿಯಬೇಕೆಂದು ನಾವೇ ಹೇಳಬಹುದಾದ ಟಾಸ್ಕ್ ಕಂಪ್ಲೀಶನ್ ಸೋರ್ಸ್ ಬಳಸುತ್ತಿದ್ದೇನೆ. ಫಾಲ್ಟೆಡ್ ಆದರೆ ಫ್ಲ್ಯಾಟನ್ ಮಾಡಿ (ಒಂದರೊಳಗೊಂದಿರುವ ಹೊದಿಕೆ ಬಿಡಿಸಿ), ಒಳಗಿನದನ್ನು ತೆಗೆದು, ಬದಲಿಸಿ ಸೆಟ್ ಎಕ್ಸೆಪ್ಶನ್. ರದ್ದಾದರೆ ಸೆಟ್ ಕ್ಯಾನ್ಸಲ್ಡ್. ಇಲ್ಲವಾದರೆ ಸೆಟ್ ರಿಸಲ್ಟ್. ಸ್ಟ್ಯಾಕ್ ಟ್ರೇಸ್ (ದೋಷ ಎಲ್ಲಿಂದ ಬಂತೆಂಬ ದಾಖಲೆ) ಕಳೆಯದಿರಲಿ ಎಂದು ಮೂಲ ಎಕ್ಸೆಪ್ಶನ್ನನ್ನು ಇನ್ನರ್ ಎಕ್ಸೆಪ್ಶನ್ ಆಗಿ ಇಟ್ಟಿದ್ದೇನೆ.

ನನ್ನ ನಿಜವಾದ ಭಯ ಬೇರೆ. ಬದಲಿಸುವ ಫಂಕ್ಷನ್ನೇ ಎಡವಿದರೆ ಹೊರಗಿನ ಟಾಸ್ಕ್ ಎಂದೂ ಮುಗಿಯುವುದಿಲ್ಲ, ಕರೆದವರು ಕಾಯುತ್ತಲೇ ಇರುತ್ತಾರೆ. ಮೇಲಾಗಿ 4.0ರಲ್ಲಿ ಯಾರೂ ನೋಡದ ಟಾಸ್ಕ್ ಎಕ್ಸೆಪ್ಶನ್ ಫೈನಲೈಸರ್ (ಬಳಕೆ ಮುಗಿದ ವಸ್ತುವನ್ನು ತೆರವು ಮಾಡುವ ಹಂತ) ಹೊತ್ತಿಗೆ ಇಡೀ ಪ್ರಾಸೆಸನ್ನೇ ಬೀಳಿಸುತ್ತದೆ. ಒಳಗೆ ಇನ್ನೊಂದು ಟ್ರೈ-ಕ್ಯಾಚ್ ಹಾಕಿದರೆ ಸಾಕೇ? ಒಳಗೆ ಹಲವು ಎಕ್ಸೆಪ್ಶನ್‌ಗಳಿದ್ದರೆ ಎಲ್ಲವನ್ನೂ ಬದಲಿಸುತ್ತೀರೋ, ಮೊದಲನೆಯದನ್ನು ಮಾತ್ರವೋ? ಮೆಥಡ್ ಟಾಸ್ಕ್ ಕೊಡುವ ಮೊದಲೇ ಎಕ್ಸೆಪ್ಶನ್ ಎಸೆದರೆ ಅದನ್ನೂ ಟಾಸ್ಕ್‌ನೊಳಗೇ ಹಾಕಿ ಕೊಡಬೇಕೇ?

ಇಂಥ ಹಳೆಯ ಕೋಡ್ ನಡೆಸಿದ ಅನುಭವ ಇರುವವರು ದಯವಿಟ್ಟು ತಿಳಿಸಿ. ಬೇಕೆಂದರೆ ಕೋಡ್ ತುಣುಕು ಕಾಮೆಂಟಿನಲ್ಲಿ ಹಾಕುತ್ತೇನೆ.