ಪುಷ್ಕಿನ್ ಮೊದಲೋ, ಚೈಕೋವ್‌ಸ್ಕಿ ಮೊದಲೋ?

ಪ್ರಶ್ನೆ: ನಮ್ಮ ಓದುಬಳಗ ಮುಂದಿನ ತಿಂಗಳು ರಷ್ಯನ್ ಕವಿ ಪುಷ್ಕಿನ್‌ನ ಪದ್ಯ ಕಾದಂಬರಿ ‘ಯೆವ್ಗೆನಿ ಒನೇಗಿನ್’ ಹಿಡಿಯುತ್ತಿದೆ. ಸಂಗೀತಗಾರ ಚೈಕೋವ್‌ಸ್ಕಿ ಅದನ್ನೇ ಒಪೆರಾ (ಹಾಡಿನ ನಾಟಕ) ಮಾಡಿದ್ದಾನಲ್ಲ, ಅದನ್ನೂ ಕೇಳುವ ಆಸೆ. ಯಾರಿಗೂ ರಷ್ಯನ್ ಬರುವುದಿಲ್ಲ. ಯಾವುದು ಮೊದಲು? ಎಲ್ಲಿ ಎಡವುತ್ತೇವೆ?

ಉತ್ತರ 1: ಓದು ಮೊದಲು. ಒಪೆರಾ ಮೊದಲು ನೋಡಿದರೆ ಇದು ಕಣ್ಣೀರಿನ ಪ್ರೇಮಕಥೆ ಅಂತ ತಲೆಯಲ್ಲಿ ಕೂತುಬಿಡುತ್ತದೆ. ಕಾವ್ಯದಲ್ಲಿ ಕಥೆಗಿಂತ ಕಥೆ ಹೇಳುವವನದೇ ದರ್ಬಾರು: ಮಧ್ಯೆ ಬಾಯಿ ಹಾಕುತ್ತಾನೆ, ಪಾತ್ರಗಳನ್ನು ಗೇಲಿ ಮಾಡುತ್ತಾನೆ, ಹರಟುತ್ತಾನೆ. ಒಪೆರಾದ ಏಳು ದೃಶ್ಯಗಳಲ್ಲಿ ಅವನು ಇಲ್ಲವೇ ಇಲ್ಲ.

ಎಂಟೂ ಅಧ್ಯಾಯಕ್ಕೆ ಬಿಡುವಿಲ್ಲದಿದ್ದರೆ 3, 6, 8 ಸಾಕು. 14 ಸಾಲಿನ ಪದ್ಯವನ್ನು ಪ್ರಾಸದ ಸಮೇತ ಉಳಿಸಿಕೊಂಡ ಅನುವಾದ ಹುಡುಕಿ. ಗದ್ಯದಲ್ಲಿ ತುಂಟತನ ಸೋರಿಹೋಗುತ್ತದೆ. 3ನೇ ಅಧ್ಯಾಯದಲ್ಲಿ ನಾಯಕಿ ತಾತ್ಯಾನಾ ಒನೇಗಿನ್‌ಗೆ ಬರೆಯುವ ಪ್ರೇಮಪತ್ರ ಮಾತ್ರ ಆ ಕಟ್ಟು ಬಿಟ್ಟು ಹರಿಯುತ್ತದೆ. ಅದನ್ನು ಗಟ್ಟಿಯಾಗಿ ಓದಿ, ಕೂಡಲೇ ಒಪೆರಾದ ಮೊದಲ ಅಂಕದ ಎರಡನೇ ದೃಶ್ಯ ಹಾಕಿ. ಅವಳು ಬರೆಯಲು ಕೂತಾಗ ಓಬೋ ಎಂಬ ಊದುವಾದ್ಯ ಎಳೆಯುವ ಸ್ವರಕ್ಕೆ ಕಿವಿಗೊಡಿ.

ಉತ್ತರ 2: ಇನ್ನೆರಡು ಕಡೆ ಪಕ್ಕಪಕ್ಕ ಇಟ್ಟು ನೋಡಲೇಬೇಕು. ಒನೇಗಿನ್ ಜೊತೆಗಿನ ದ್ವಂದ್ವಯುದ್ಧದ ಹಿಂದಿನ ರಾತ್ರಿ ಅವನ ಗೆಳೆಯ, ಕವಿ ಲೆನ್‌ಸ್ಕಿ ಬರೆಯುವ ಪದ್ಯ ಪುಷ್ಕಿನ್‌ಗೆ ಅಣಕ. ಹೀಗೆ ‘ಮಬ್ಬಾಗಿ, ಸಪ್ಪೆಯಾಗಿ’ ಬರೆದ ಅಂತ ಕೆಳಗೇ ಕುಟುಕುತ್ತಾನೆ. ಅವೇ ಸಾಲುಗಳು ಒಪೆರಾದಲ್ಲಿ ಎದೆ ಹಿಂಡುವ ಹಾಡು, ವ್ಯಂಗ್ಯದ ಸುಳಿವೂ ಇಲ್ಲ.

ಎರಡನೆಯದು ಒಪೆರಾದಲ್ಲಿ ತಾತ್ಯಾನಾಳ ಗಂಡನಾದ ಗ್ರೇಮಿನ್‌ನ ಹಾಡು. ‘ಪ್ರೀತಿಗೆ ಎಲ್ಲ ವಯಸ್ಸೂ ಶರಣು’ ಎಂಬ ಸಾಲು 8ನೇ ಅಧ್ಯಾಯದಲ್ಲಿ ನಿರೂಪಕನದು. ಎಳೆಯರಿಗೆ ಅದು ಹಿತ, ವಯಸ್ಸು ಇಳಿದ ಮೇಲೆ ಬಂದರೆ ದುಃಖ ಅಂತ ಮುಂದುವರಿಯುತ್ತದೆ. ಒಪೆರಾ ಆ ಬಾಲ ಕತ್ತರಿಸಿ, ತಲೆ ನರೆತ ಯೋಧನಿಗೂ ಹಿತ ಅಂತ ಸೇರಿಸಿ, ತಾತ್ಯಾನಾಳ ಗಂಡನ ಬಾಯಿಗೆ ಕೊಟ್ಟಿತು. ಕಾವ್ಯದಲ್ಲಿ ಆ ಗಂಡನಿಗೆ ಹೆಸರೂ ಇಲ್ಲ! ಹಾಡು ಸೊಗಸಾಗಿದೆ, ಅರ್ಥ ತಲೆಕೆಳಗು.

ಉತ್ತರ 3: ನೇರ ಒಪೆರಾಕ್ಕೆ ಹಾರಿದರೆ ಅರ್ಧ ಬಳಗ ಆಕಳಿಸೀತು. ಮೊದಲ ಸಂಜೆ ‘ರೊಮಾನ್ಸ್’ ಕೇಳಿಸಿ, ನಮ್ಮ ಭಾವಗೀತೆಯ ದೂರದ ನೆಂಟ: ಒಂದು ಕಂಠ, ಒಂದು ಪಿಯಾನೊ. ಪುಷ್ಕಿನ್ 1825ರಲ್ಲಿ ಆನ್ನಾ ಕೆರ್ನ್‌ಗೆ ಬರೆದ ‘ಆ ಅದ್ಭುತ ಕ್ಷಣ ನೆನಪಿದೆ’ ಕವಿತೆಗೆ ಸಂಗೀತಗಾರ ಗ್ಲಿಂಕಾ 1840ರಲ್ಲಿ ರಾಗ ಹಾಕಿದ. ಅರ್ಪಿಸಿದ್ದು ಅವಳ ಮಗಳಿಗೆ. ನಾಲ್ಕು ನಿಮಿಷದೊಳಗೆ ಮುಗಿಯುತ್ತದೆ. ಎರಡು ಸಲ ಹಾಕಿ, ಎರಡನೇ ಸಲ ಅನುವಾದ ಕೈಯಲ್ಲಿರಲಿ.

ಉತ್ತರ 4: ಮುಂದೆ ಪುಷ್ಕಿನ್ ನಾಟಕದಿಂದ ಮುಸೋರ್ಗ್‌ಸ್ಕಿ ಮಾಡಿದ ಒಪೆರಾ ‘ಬೊರಿಸ್ ಗೊದುನೊವ್’ಗೆ ಹೋಗುವುದಾದರೆ ಧ್ವನಿಮುದ್ರಿಕೆಯ ಹೊದಿಕೆ ನೋಡಿ. ಮುಸೋರ್ಗ್‌ಸ್ಕಿಯ 1869ರ ಆವೃತ್ತಿಯಲ್ಲಿ ಪೋಲೆಂಡಿನ ಅಂಕವೇ ಇಲ್ಲ, 1872ರದ್ದರಲ್ಲಿ ಇದೆ. ಇನ್ನೊಬ್ಬ ಸಂಗೀತಗಾರ ರಿಮ್‌ಸ್ಕಿ-ಕೊರ್ಸಕೋವ್ ತಿದ್ದಿ ನುಣುಪು ಮಾಡಿದ್ದು ಬೇರೆ. ಒಬ್ಬೊಬ್ಬರು ಒಂದೊಂದು ಕೇಳಿ ಬಂದರೆ ಚರ್ಚೆ ಜಗಳವಾಗುತ್ತದೆ. ಪುಷ್ಕಿನ್ ಕಥೆಯನ್ನು ಚೈಕೋವ್‌ಸ್ಕಿ ಒಪೆರಾ ಮಾಡಿದ ‘ಇಸ್ಪೀಟು ರಾಣಿ’ಯಲ್ಲೂ ಅಷ್ಟೇ: ಕಥೆಯ ಲೀಸಾ ಮದುವೆಯಾಗಿ ಹಾಯಾಗಿರುತ್ತಾಳೆ, ಒಪೆರಾದ ಲೀಸಾ ಕಾಲುವೆಗೆ ಹಾರುತ್ತಾಳೆ. ಯಾವ ಲೀಸಾ ಅಂತ ಮೊದಲೇ ಹೇಳಿಕೊಂಡು ಮಾತು ಶುರುಮಾಡಿ.