ಹಿಂಡದೆ ತೆಗೆದ ಎಣ್ಣೆಗೆ ಯಾವ ಕ್ರಿಯಾಪದ?

ಬಲ್ಲವರಲ್ಲಿ ಒಂದು ಕೇಳಿಕೆ. ಪದವಿ ವಿದ್ಯಾರ್ಥಿಗಳಿಗಾಗಿ ಹುಚ್ಚೆಳ್ಳೆಣ್ಣೆಯ ಪ್ರಯೋಗವೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಧಾರವಾಡದ ಕಡೆಯವರು ಗುರೆಳ್ಳು ಎಂದು ಓದಿಕೊಳ್ಳಿ. ಚಟ್ನಿಪುಡಿ ನೆನಪಾದರೆ ಅದೇ ಬೀಜ. (ಎಣ್ಣೆ ಎಂಬುದೇ ಎಳ್ + ನೆಯ್. ಹಾಗಾಗಿ ಹುಚ್ಚೆಳ್ಳೆಣ್ಣೆಯಲ್ಲಿ ಎಳ್ಳು ಎರಡು ಸಲ ಬಂದಿದೆ. ಬೀಜವೋ ಸೂರ್ಯಕಾಂತಿಯ ಕುಟುಂಬದ್ದು!) ಮೊದಲ ವಾಕ್ಯದಲ್ಲಿಯೇ ಸಿಕ್ಕಿಕೊಂಡಿದ್ದೇನೆ: ಬೀಜದಿಂದ ಎಣ್ಣೆಯನ್ನು ಏನು ಮಾಡುತ್ತೇವೆ?

ಗಾಣವಾದರೆ ತೊಂದರೆಯಿಲ್ಲ. ಎಣ್ಣೆ ಆಡಿಸುತ್ತೇವೆ, ಹಿಂಡುತ್ತೇವೆ, ಉಳಿದದ್ದು ಹಿಂಡಿ. ಆದರೆ ಸಾಕ್ಸ್‌ಲೆಟ್ ಉಪಕರಣದಲ್ಲಿ ಹಿಂಡುವ ಮಾತೇ ಇಲ್ಲ. ಹತ್ತು ಗ್ರಾಂ ಬೀಜದ ಪುಡಿಯನ್ನು ದಪ್ಪ ಕಾಗದದ ಕೊಳವೆಯಲ್ಲಿ ತುಂಬಿ ಗಾಜಿನ ಕೋಣೆಯಲ್ಲಿ ನಿಲ್ಲಿಸುತ್ತೇವೆ. ಕೆಳಗಿನ ಬುರುಡೆಯಲ್ಲಿ ಹೆಕ್ಸೇನ್ ಎಂಬ ದ್ರಾವಕ 69 ಡಿಗ್ರಿಯ ಸುಮಾರಿಗೆ ಕುದಿದು ಆವಿಯಾಗಿ ಮೇಲೇರುತ್ತದೆ, ತಣ್ಣಗಾಗಿ ಪುಡಿಯ ಮೇಲೆ ತೊಟ್ಟಿಕ್ಕುತ್ತದೆ. ಪಕ್ಕದ ಬಾಗುಕೊಳವೆಯ ನೆತ್ತಿಯವರೆಗೆ ತುಂಬಿದ ಕೂಡಲೇ ಗುಳುಗುಳು ಎಂದು ಅಷ್ಟೂ ಕೆಳಗಿಳಿಯುತ್ತದೆ, ತನ್ನೊಂದಿಗೆ ಎಣ್ಣೆಯನ್ನು ಕರಗಿಸಿಕೊಂಡು. ಮತ್ತೆ ಅದೇ ಸುತ್ತು, ಹಲವು ಗಂಟೆಗಳ ಕಾಲ. 1879ರಲ್ಲಿ ಫ್ರಾಂಜ್ ಫಾನ್ ಸಾಕ್ಸ್‌ಲೆಟ್ ಇದನ್ನು ರೂಪಿಸಿದ್ದು ಹಾಲಿನ ಕೊಬ್ಬಿಗಾಗಿ.

ಇದಕ್ಕೆ ‘ನಿಷ್ಕರ್ಷಣೆ’ ಎಂದು ಬರೆಯುವವರಿದ್ದಾರೆ. ನನಗೆ ಒಗ್ಗುವುದಿಲ್ಲ. ಕನ್ನಡದಲ್ಲಿ ನಿಷ್ಕರ್ಷೆ ಎಂದರೆ ತೀರ್ಮಾನ. ‘ಎಣ್ಣೆಯ ನಿಷ್ಕರ್ಷಣೆ’ ಎಂದರೆ ಎಣ್ಣೆ ಎಷ್ಟಿದೆ ಎಂದು ಗೊತ್ತುಮಾಡುವುದು ಎಂದೇ ಹುಡುಗರು ತಿಳಿಯುತ್ತಾರೆ. ಆ ಕೆಲಸವೂ ಇದೇ ಪ್ರಯೋಗದಲ್ಲಿ ಮುಂದೆ ಇದೆ! ಲೋಹೋದ್ಧರಣದ ಜಾಡಿನಲ್ಲಿ ‘ತೈಲೋದ್ಧರಣ’ ಎನ್ನಬಹುದು, ಆದರೆ ನನಗೆ ಕಣ್ಣ ಮುಂದೆ ಬರುವುದು ಸಂಧ್ಯಾವಂದನೆಯ ಉದ್ಧರಣೆ. ‘ಹೊರತೆಗೆಯುವಿಕೆ’ ತಪ್ಪಲ್ಲ. ಆದರೆ ಹಲ್ಲಿಗೂ ಚಿನ್ನಕ್ಕೂ ಎಣ್ಣೆಗೂ ಅದೊಂದೇ ಮಾತು.

ಅಡುಗೆಮನೆಯಲ್ಲಿ ಹುಡುಕಿದೆ. ಕಾಫಿ ಫಿಲ್ಟರಿನಲ್ಲಿ ನಡೆಯುವುದು ಹೆಚ್ಚುಕಡಿಮೆ ಇದೇ ಕೆಲಸ, ಅಲ್ಲಿ ನಾವು ಡಿಕಾಕ್ಷನ್ ‘ಇಳಿಸುತ್ತೇವೆ’. ಆದರೆ ಭಟ್ಟಿ ಇಳಿಸುವುದು ಬೇರೆಯೇ ಪ್ರಕ್ರಿಯೆ. ಮೇಲಾಗಿ ತರಗತಿಯಲ್ಲಿ ‘ಎಣ್ಣೆ ಇಳಿಸುವುದು’ ಎಂದರೆ ಹಿಂದಿನ ಬೆಂಚಿನವರು ಏನೆಂದುಕೊಳ್ಳುತ್ತಾರೆ ಎಂಬುದನ್ನು ಹೇಳಬೇಕಾಗಿಲ್ಲ. ಬಸ್ಸಾರಿನ ‘ಬಸಿ’ಯಲ್ಲಿ ನೀರು ಸೋರಿಹೋಗುವುದಿದೆ, ಕರಗಿಸಿಕೊಳ್ಳುವುದಿಲ್ಲ.

ಕೊನೆಗೆ ಮನಸ್ಸು ನಿಂತದ್ದು ‘ಬಿಡಿಸು’ ಎಂಬಲ್ಲಿ. ಮಸಾಲೆ ಎಣ್ಣೆ ಬಿಡುವವರೆಗೆ ಹುರಿಯುತ್ತೇವಲ್ಲವೇ? ಬೀಜ ಎಣ್ಣೆ ಬಿಡುತ್ತದೆ, ದ್ರಾವಕ ಬಿಡಿಸುತ್ತದೆ. ಒಂದೇ ಮುಜುಗರವೆಂದರೆ ಕಡಲೆಕಾಯಿಯ ಪ್ರಯೋಗಕ್ಕೆ ಬಂದಾಗ ‘ಮೊದಲು ಕಾಯಿ ಬಿಡಿಸಿ, ಬಳಿಕ ಎಣ್ಣೆ ಬಿಡಿಸಿ’ ಎಂದಾಗುತ್ತದೆ. ಇದರ ನಾಮಪದವೂ ಸಿಕ್ಕುತ್ತಿಲ್ಲ. ‘ಬಿಡಿಸಿಕೆ’ ಕಿವಿಗೆ ಹಿತವೇ?

ಕಾಗದದ ಕೊಳವೆಯಲ್ಲಿ ಉಳಿಯುವುದು ಬಿಲ್ಲೆಗಟ್ಟದ, ಬೆರಳಿಗೆ ಜಿಡ್ಡು ಹತ್ತದ ಒಣಪುಡಿ. ಹಿಂಡದೆ ಅದನ್ನು ಹಿಂಡಿ ಎನ್ನಲು ಬಾಯಿ ಬರುವುದಿಲ್ಲ. ಕಾಫಿಯ ಹಾಗೆ ‘ಚರಟ’ ಎಂದು ಬರೆದಿಟ್ಟಿದ್ದೇನೆ.

ಎಣ್ಣೆಯ ಪಾಠದ ಇನ್ನೊಂದು ಪದದಲ್ಲಿ ಇಷ್ಟು ಕಷ್ಟವಾಗಲಿಲ್ಲ. ನೂರು ಗ್ರಾಂ ಎಣ್ಣೆ ಎಷ್ಟು ಗ್ರಾಂ ಅಯೋಡಿನ್ ಹೀರುತ್ತದೆ ಎಂಬ ಅಳತೆಗೆ ‘ಅಯೋಡಿನ್ ಮೌಲ್ಯ’ ಎನ್ನುವುದು ರೂಢಿ. ಕೊಬ್ಬರಿ ಎಣ್ಣೆಗೆ ಅದು ಹತ್ತರ ಆಸುಪಾಸು, ಅಗಸೆ ಎಣ್ಣೆಗೆ 170ಕ್ಕೂ ಮೇಲೆ. ಹೆಚ್ಚು ಮೌಲ್ಯವೆಂದರೆ ಹೆಚ್ಚು ಒಳ್ಳೆಯದು ಎಂದು ಓದುವ ಅಪಾಯವಿರುವುದರಿಂದ ‘ಅಯೋಡಿನ್ ಸಂಖ್ಯೆ’ ಎಂದೇ ಬರೆಯುತ್ತೇನೆ. ಇದರಲ್ಲಿ ನನಗೆ ಅನುಮಾನವಿಲ್ಲ.

ಎಣ್ಣೆ ಕೆಟ್ಟ ವಾಸನೆಗೆ ‘ಕಮಟು’ ಇತ್ತು, ಪಾಠಪುಸ್ತಕ ಅದರಿಂದಲೇ ‘ಕಮಟುವಿಕೆ’ ಮಾಡಿಕೊಂಡಿತು. ಹಾಗೆಯೇ ಗಾಣದ ಮನೆಗಳಲ್ಲಿ, ಕಷಾಯ ಕಾಸುವವರಲ್ಲಿ, ಬಣ್ಣ ಹಾಕುವವರಲ್ಲಿ ನೆನೆಹಾಕಿ ಸಾರ ತೆಗೆಯುವುದಕ್ಕೆ ಬೇರೆ ಕ್ರಿಯಾಪದವೇನಾದರೂ ಉಂಟೇ? ನಿಮ್ಮ ಸೀಮೆಯ ಹೆಸರಿನೊಡನೆ ತಿಳಿಸಿ.