ಭುಜ, ಹೆಗಲು, ರಟ್ಟೆ: ಶಟಲ್ ಆಡುವವರ ವ್ಯಾಯಾಮದ ಹಾಳೆಗೆ ಯಾವುದು?

ಎಲ್ಲರಿಗೂ ನಮಸ್ಕಾರ.

ನಮ್ಮ ಬಡಾವಣೆಯಲ್ಲಿ ಬೆಳಿಗ್ಗೆ ಶಟಲ್ ಆಡುವವರಲ್ಲಿ ಮೂವರು ಭುಜ ನೋವೆಂದು ರಾಕೆಟ್ ಕೆಳಗಿಟ್ಟಿದ್ದಾರೆ. ಫಿಸಿಯೋಥೆರಪಿಸ್ಟ್ ಕೊಟ್ಟ ಇಂಗ್ಲಿಷ್ ಹಾಳೆಯನ್ನು ಕನ್ನಡಕ್ಕೆ ಮಾಡಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಎರಡೇ ಪುಟ, ಒಂದು ಸಂಜೆ ಸಾಕು ಅಂದುಕೊಂಡಿದ್ದೆ. ಎರಡನೇ ಸಾಲಿನಲ್ಲೇ ಸಿಕ್ಕಿಬಿದ್ದೆ.

ಕೈಯನ್ನು ಪಕ್ಕದಿಂದ ಮೇಲೆತ್ತಬೇಕು, ಆದರೆ ಶೋಲ್ಡರ್ ಕಿವಿಯತ್ತ ಏರಬಾರದು. ಇದು ಆ ಸಾಲು. ‘ಭುಜ ಎತ್ತಬೇಡಿ’ ಎಂದು ಬರೆದೆ. ಮೂವರಲ್ಲಿ ಒಬ್ಬರು ಓದಿ ಕೈಯನ್ನೇ ಎತ್ತದೆ ನಿಂತರು! ಅವರದೇನೂ ತಪ್ಪಿಲ್ಲ. ಸಂಸ್ಕೃತದಲ್ಲಿ ಭುಜವೆಂದರೆ ತೋಳೇ. ಚತುರ್ಭುಜನಿಗಿರುವುದು ನಾಲ್ಕು ಕೈ. ಕನ್ನಡದಲ್ಲಿ ಅದು ಮೇಲಕ್ಕೆ ಸರಿದಿದೆ, ಯಕ್ಷಗಾನದ ಭುಜಕೀರ್ತಿ ಕೂರುವ ಜಾಗ ನೋಡಿ. ಹೆಗಲಿಗೆ ಈ ಗೊಂದಲವಿಲ್ಲ. ಹಳಗನ್ನಡದ ಪೆಗಲ್ ಕಾಲದಿಂದಲೂ ಅದು ಹೊರೆ ಕೂರುವ ಜಾಗ. ‘ಹೆಗಲು ಕಿವಿಯತ್ತ ಏರದಂತೆ ಕೈ ಎತ್ತಿ’ ಎಂದು ತಿದ್ದಿದ ಮೇಲೆ ಅದೇ ಮನುಷ್ಯ ಸರಿಯಾಗಿ ಮಾಡಿದರು.

ಇದು ಬರಿಯ ಪದದ ಚಪಲ ಅಲ್ಲ. ಕೈಯನ್ನು ಪೂರ್ತಿ ಮೇಲೆತ್ತಿದಾಗಿನ 180 ಡಿಗ್ರಿಯಲ್ಲಿ ಸುಮಾರು 120 ತೋಳಿನ ಕೀಲಿನದು, ಉಳಿದ 60 ಬೆನ್ನ ಮೇಲಿನ ಚಪ್ಪಟೆ ಎಲುಬಿನದು. ಸ್ಮ್ಯಾಶ್ ಹೊಡೆದು ಹೊಡೆದು ನೋವು ಬಂದವರಲ್ಲಿ ಈ ಹೊಂದಾಣಿಕೆ ಕೆಟ್ಟು, ಹೆಗಲು ಮೊದಲೇ ಏರಿಬಿಡುವುದುಂಟು. ಹಾಗಾಗಿ ಎರಡಕ್ಕೂ ‘ಭುಜ’ ಎಂದರೆ ಓದುವವರಿಗೆ ಯಾವುದನ್ನು ತಡೆಯಬೇಕು, ಯಾವುದನ್ನು ಬಿಡಬೇಕು ತಿಳಿಯುವುದಿಲ್ಲ. ಕೀಲಿಗೆ ಭುಜ, ಅದರ ಮೇಲಿನ ಅಂಚಿಗೆ ಹೆಗಲು ಎಂದು ಇಟ್ಟುಕೊಂಡಿದ್ದೇನೆ. ಎಲುಬಿಗೆ ಪಠ್ಯಪುಸ್ತಕದ ‘ಅಂಸಫಲಕ’ ಬೇಡ. ‘ಹೆಗಲ ಹಲಗೆ’ ಎಂದು ಬರೆದಿದ್ದೇನೆ.

ಇನ್ನೊಂದು ವ್ಯಾಯಾಮ: ಕಂಕುಳಲ್ಲಿ ಸುತ್ತಿದ ಟವೆಲ್, ಮೊಣಕೈ ಮಡಚಿ ಪಕ್ಕೆಗೆ ಒತ್ತಿ, ಕಿಟಕಿ ಸರಳಿಗೆ ಕಟ್ಟಿದ ರಬ್ಬರ್ ಪಟ್ಟಿಯನ್ನು ಹೊರಕ್ಕೆ ಎಳೆಯುವುದು. ಭುಜದ ಕೀಲನ್ನು ಹಿಡಿದಿಡುವ ನಾಲ್ಕು ಸ್ನಾಯುಗಳಲ್ಲಿ ಹಿಂಬದಿಯವಕ್ಕೆ ಇದು ಕಸುವು ಕೊಡುತ್ತದೆ. ಇದಕ್ಕೆ ‘ಬಾಹ್ಯ ಪರಿಭ್ರಮಣ’ ಎಂದರೆ ಗ್ರಹಗತಿ ಅಂದುಕೊಂಡಾರು. ‘ಟವೆಲ್ ಬೀಳದಂತೆ, ಬಾಗಿಲು ತೆರೆದ ಹಾಗೆ ಮುಂಗೈ ಹೊರಕ್ಕೆ’ ಎಂದು ಬಿಡಿಸಿ ಬರೆದೆ.

ನೋವಿನ ವಿಷಯದಲ್ಲಿ ಮಾತ್ರ ಕನ್ನಡವೇ ಗೆದ್ದಿತು. ಮೂಲದಲ್ಲಿ ಎರಡು ಸಾಲು ಹಿಡಿದದ್ದು ಇಲ್ಲಿ ಇಷ್ಟೇ: ‘ಎಳೆತ ಇದ್ದರೆ ಮುಂದುವರಿಸಿ, ಚಳುಕು ಬಂದರೆ ನಿಲ್ಲಿಸಿ.’

ಈಗ ನಿಮ್ಮನ್ನು ಕೇಳಬೇಕಾದದ್ದು. ತಲೆಬರಹದ ‘ರಿಹ್ಯಾಬಿಲಿಟೇಶನ್’ಗೆ ನಿಘಂಟಿನ ‘ಪುನರ್ವಸತಿ’ ಹಾಕಲು ಮನಸ್ಸಿಲ್ಲ, ಆಲಮಟ್ಟಿ ಹಿನ್ನೀರಿನಲ್ಲಿ ಊರು ಕಳೆದುಕೊಂಡವರ ನೆನಪಾಗುತ್ತದೆ. ‘ಪುನಶ್ಚೇತನ’ ಸರ್ಕಾರಿ ಫಲಕದಂತಿದೆ. ಸದ್ಯಕ್ಕೆ ‘ಚೇತರಿಕೆ ವ್ಯಾಯಾಮ’ ಎಂದಿಟ್ಟಿದ್ದೇನೆ. ಇದಕ್ಕಿಂತ ಒಳ್ಳೆಯದು ಹೊಳೆದರೆ ಹೇಳಿ. ಹಾಗೇ ಧಾರವಾಡ, ಕಲಬುರಗಿ ಕಡೆಯವರು: ನಿಮ್ಮ ಮನೆಯಲ್ಲಿ ‘ರಟ್ಟೆ ನೋವು’ ಎಂದವರು ಕೈಯಿಟ್ಟು ತೋರಿಸುವುದು ಎಲ್ಲಿ, ಕೀಲಿನ ಮೇಲೋ, ಮೊಣಕೈಗಿಂತ ಮೇಲಿನ ಮಾಂಸಖಂಡದ ಮೇಲೋ?